ಗಿರಿಜಾಳ ಬಲಗೈ ಮತ್ತು ಲೈಡನ್ ಪಟ್ಟಣ

ಹಾನಗಲ್ಲು

ನಾವು ಹಾನಗಲ್ಲು ಬಿಟ್ಟದ್ದು ಯಾವ ವಾರ ಎಂಬ ವಿಷಯದಲ್ಲಿ ನನ್ನ ಬಳಿ ಇರುವ ಎರಡು ಆಧಾರಗಳು ಒಂದಕ್ಕೊಂದು ಹೊಂದುವುದಿಲ್ಲ. ದಿನಚರಿಯಲ್ಲಿ ಬುಧವಾರ ಎಂದಿದೆ. ಬಸ್ಸಿನ ಟಿಕೆಟ್ಟಿನ ಮೇಲೆ ಮಂಗಳವಾರದ ತಾರೀಖಿದೆ. ದಿನಚರಿಯನ್ನು ಬೆಂಗಳೂರು ಮುಟ್ಟಿದ ಮೇಲೆ ಬರೆದೆನಾದ್ದರಿಂದ ಟಿಕೆಟ್ಟನ್ನೇ ಪ್ರಮಾಣವಾಗಿ ಹಿಡಿಯುತ್ತೇನೆ. ವೃತ್ತಿಜೀವನವನ್ನೆಲ್ಲ ನಮ್ಮ ಸೀಮೆಯ ಶಾಸನಗಳ ಕಾಲನಿರ್ಣಯದಲ್ಲಿ ಕಳೆದವನಿಗೆ ಇಂಥ ರೂಢಿ ನಿವೃತ್ತಿಯ ಆದೇಶದೊಂದಿಗೆ ಬಿಟ್ಟುಹೋಗುವುದಿಲ್ಲ. ತಿಥಿ, ವಾರ, ಸಂವತ್ಸರ ಮೂರೂ ತಾಳೆಯಾಗುವವರೆಗೆ ಯಾವ ಕಲ್ಲಿನ ಮಾತನ್ನೂ ನಾನು ಪೂರ್ತಿ ನಂಬಿದವನಲ್ಲ.

ಹೊರಟದ್ದು ನೆದರ್ಲ್ಯಾಂಡ್ಸ್ ದೇಶದ ಲೈಡನ್ ಎಂಬ ಪಟ್ಟಣಕ್ಕೆ. ಅಲ್ಲಿಯ ವಿದ್ವಾಂಸರ ಸಣ್ಣ ಕೂಟವೊಂದರಲ್ಲಿ ದಾನಶಾಸನಗಳ ತಿಥಿಗಳನ್ನು ಕುರಿತು ನಾನು ಮಾತನಾಡಬೇಕಿತ್ತು. ಬಂಧುಬಳಗಕ್ಕೆ ಹೇಳಿದ ಕಾರಣ ಅಷ್ಟೇ. ನಿಜವಾದ ಕಾರಣ ನನ್ನ ಹೆಂಡತಿ ಗಿರಿಜಾಳ ಬಲಗೈ.

ಆ ಕೈ ತೊಡೆಯ ಮೇಲೆ ಸುಮ್ಮನಿದ್ದಾಗ ಅದರ ಹೆಬ್ಬೆರಳೂ ತೋರುಬೆರಳೂ ಒಂದನ್ನೊಂದು ತಿಕ್ಕುತ್ತಿದ್ದವು. ಹುಬ್ಬಳ್ಳಿಯ ನರರೋಗ ವೈದ್ಯರೊಬ್ಬರು ಅದನ್ನು ನೋಡಿ, ಪಾರ್ಕಿನ್ಸನ್ ಕಾಯಿಲೆಯ ಆರಂಭವಿರಬಹುದು, ಈಗಲೇ ಖಚಿತವಾಗಿ ಹೇಳಲಾಗದು, ಕೆಲವು ತಿಂಗಳು ಬಿಟ್ಟು ಬನ್ನಿ ಎಂದರು. ಅವರ ಮಾತು ಹದವಾಗಿಯೇ ಇತ್ತು. ಹದ ತಪ್ಪಿದವನು ನಾನು. ಮನೆಗೆ ಬಂದವನೇ ಆ ಕಾಯಿಲೆಯ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದತೊಡಗಿದೆ. ಮೆದುಳಿನ ಆಳದಲ್ಲಿ ನಮ್ಮ ಚಲನೆಯನ್ನು ಹದವಾಗಿಡುವ ದ್ರವ್ಯವೊಂದನ್ನು ತಯಾರಿಸುವ ಜೀವಕೋಶಗಳಿವೆ; ಅವು ಕ್ರಮೇಣ ಕಡಿಮೆಯಾದಾಗ ಕೈಕಾಲು ನಿಧಾನವಾಗುತ್ತವೆ, ಬಿಗಿಯುತ್ತವೆ, ಸುಮ್ಮನಿದ್ದಾಗಲೇ ನಡುಗುತ್ತವೆ. ನಮ್ಮ ಹಿರಿಯರು ಕಂಪವಾತ ಎನ್ನುತ್ತಿದ್ದುದೂ ಬಹುಶಃ ಇದನ್ನೇ. ಹಳೆಯ ಕಾಲದ ಔಷಧಿ ತಯಾರಕರು ಬೆರಳ ತುದಿಯಲ್ಲಿ ಗುಳಿಗೆ ಉರುಳಿಸುತ್ತಿದ್ದಂತೆ ರೋಗಿಯ ಬೆರಳುಗಳು ಉರುಳುತ್ತವೆ ಎಂಬ ಹೋಲಿಕೆ ಎಲ್ಲ ಪುಸ್ತಕಗಳಲ್ಲಿಯೂ ಇದೆ. ಆ ಹೋಲಿಕೆಯನ್ನು ಮೊದಲು ಬಳಸಿದವರು ಯಾರೆಂಬುದನ್ನು ಖಚಿತಪಡಿಸಿಕೊಳ್ಳಲು ನನಗೆ ಸಾಧ್ಯವಾಗಿಲ್ಲ. ಹೋಲಿಕೆಯೇನೋ ಗಿರಿಜಾಳ ಬೆರಳಿಗೆ ಅಕ್ಷರಶಃ ಒಪ್ಪಿತು. ಒಮ್ಮೆ ಒಪ್ಪಿದ ಮೇಲೆ ಉಳಿದ ಲಕ್ಷಣಗಳೂ ಒಂದೊಂದಾಗಿ ಕಾಣತೊಡಗಿದವು: ಅವಳ ನಡಿಗೆ ನಿಧಾನ, ದನಿ ಸಣ್ಣದು, ಮುಖದಲ್ಲಿ ನಗು ಕಡಿಮೆ.

ನಗು ಕಡಿಮೆಯಾದದ್ದು ನನ್ನ ಓದಿನಿಂದಲೇ ಇರಬಹುದೆಂದು ಆಗ ಹೊಳೆಯಲಿಲ್ಲ.

ಗಿರಿಜಾ ಮೊದಲು ಮಾಡಿದ ಕೆಲಸವೆಂದರೆ ಆ ಕೈಯನ್ನು ಸೆರಗಿನೊಳಗೆ ಇಟ್ಟುಕೊಂಡದ್ದು. ಓಣಿಯ ಹೆಂಗಸರೊಂದಿಗೆ ಕುಳಿತು ಹೂ ಕಟ್ಟುವುದು, ಬತ್ತಿ ಹೊಸೆಯುವುದು, ಸಂಡಿಗೆ ಇಡುವುದು ಎಲ್ಲವನ್ನೂ ಬಿಟ್ಟಳು. ಯಾಕೆಂದು ಕೇಳಿದರೆ, "ಮಂದಿ ನನ್ನ ಮಾರಿ ನೋಡಂಗಿಲ್ಲರೀ ಈಗ, ಕೈ ನೋಡತಾರ" ಎಂದಳು. ಅವಳಿಗೆ ಬೇಕಿದ್ದದ್ದು ಒಂದೇ ಉತ್ತರ: ಈ ಕೈ ತನ್ನದಾಗಿ ಉಳಿಯುವುದೋ ಇಲ್ಲವೋ.

ಆ ಉತ್ತರಕ್ಕೆ ದಾರಿ ಮಾಡಿದವಳು ಸವಣೂರಿನ ನಸ್ರೀನ್. ಅವಳ ತಂದೆಯದು ಹತ್ತಿ ವ್ಯಾಪಾರದ ಮನೆತನ. ಗಿರಿಜಾಳ ತವರು ಹತ್ತಿಮತ್ತೂರು. ಎರಡು ತಲೆಮಾರಿನಿಂದ ಆ ಹೊಲದ ಹತ್ತಿ ಈ ಅಂಗಡಿಗೆ ಹೋಗುತ್ತಿತ್ತು. ನಸ್ರೀನಳ ತಂದೆ ಗಿರಿಜಾಳನ್ನು ತಂಗಿ ಎಂದು ಕರೆಯುತ್ತಿದ್ದರಿಂದ ಅವಳಿಗೆ ಗಿರಿಜಾ ಅತ್ತಿ, ನಾನು ಮಾಮಾ. ನರಗಳ ವೇಗವನ್ನೂ ಕೈಗಳ ನಡುಕವನ್ನೂ ಯಂತ್ರದಿಂದ ಅಳೆಯುವ ವಿದ್ಯೆ ಕಲಿತು ಅವಳು ಲೈಡನ್ನಿನ ಆಸ್ಪತ್ರೆಯೊಂದರಲ್ಲಿ ಕೆಲಸ ಮಾಡುತ್ತಾಳೆ. ನನ್ನ ಭಾಷಣದ ಸುದ್ದಿ ಕೇಳಿ ಫೋನಿನಲ್ಲಿ, "ಮಾಮಾ, ನೀವೊಬ್ಬರ ಬರಬ್ಯಾಡ್ರಿ. ಅತ್ತೀನ್ನೂ ಕರಕೊಂಡ್ ಬರ್ರಿ. ಇಲ್ಲೆ ನಡುಕದ್ದ ಒಂದ್ ಬ್ಯಾರೆ ಕ್ಲಿನಿಕ್ ಐತಿ, ನಾ ತೋರಸ್ತೇನಿ" ಎಂದಿದ್ದಳು.

ಅಬುಧಾಬಿ

ವಿಮಾನ ಬದಲಿಸುವ ಈ ನಿಲ್ದಾಣದಲ್ಲಿ ನಮ್ಮನ್ನು ತಡೆದದ್ದು ಒಂದು ವಿಭೂತಿ ಗಟ್ಟಿ. ಗಿರಿಜಾಳ ಕೈಚೀಲದೊಳಗಿನ ಆ ಬಿಳಿ ವಸ್ತು ತಪಾಸಣೆಯ ಯಂತ್ರಕ್ಕೆ ಏನೆಂದು ಕಂಡಿತೋ, ಸಮವಸ್ತ್ರದ ಹೆಣ್ಣುಮಗಳೊಬ್ಬಳು ಚೀಲವನ್ನು ಪಕ್ಕಕ್ಕೆ ಎಳೆದಳು. ನಾನು ಮುಂದೆ ಹೋಗಿ ವಿಭೂತಿ ಎಂದರೇನು, ಸಗಣಿಯನ್ನು ಸುಟ್ಟು ಸೋಸಿ ಹೇಗೆ ಗಟ್ಟಿ ಕಟ್ಟುತ್ತಾರೆ, ಅದರ ಉಲ್ಲೇಖ ನಮ್ಮ ಶಾಸನಗಳಲ್ಲಿ ಎಲ್ಲೆಲ್ಲಿ ಬರುತ್ತದೆ ಎಂಬುದನ್ನು ಇಂಗ್ಲಿಷಿನಲ್ಲಿ ವಿವರಿಸಿದೆ. ಶಾಸನಗಳ ಉಲ್ಲೇಖದಿಂದ ಅನುಮಾನ ಹೆಚ್ಚಾಯಿತೆಂದು ತೋರುತ್ತದೆ.

"ನೀವು ಸ್ವಲ್ಪ ಸುಮ್ನಿರ್ರಿ" ಎಂದು ಗಿರಿಜಾ ಎಡಗೈಯಿಂದ ಗಟ್ಟಿಯನ್ನು ಎತ್ತಿಕೊಂಡು, ಹಣೆಗೆ ಉಜ್ಜಿಕೊಂಡು ತೋರಿಸಿದಳು. ಅಧಿಕಾರಿಣಿ ನಕ್ಕಳು. ಆದರೂ ನಿಯಮದಂತೆ ಎರಡೂ ಅಂಗೈಗಳನ್ನು ಒಂದು ಸಣ್ಣ ಬಟ್ಟೆಯ ತುಂಡಿನಿಂದ ಒರೆಸಿ ಪರೀಕ್ಷಿಸಬೇಕೆಂದಳು.

ಗಿರಿಜಾ ಎಡಗೈ ಚಾಚಿದಳು. ಬಲಗೈ ಸೆರಗಿನಿಂದ ಹೊರಗೆ ಬರಲಿಲ್ಲ.

"ಒಂದ್ ಕೈ ನೋಡ್ಯಾಳಲ್ಲ, ಅಷ್ಟ ಸಾಕ ಅನ್ರಿ."

"ಎರಡೂ ಬೇಕಂತ."

"ಎಡಗೈಯಾಗ ಇಲ್ಲದ್ದು ಬಲಗೈಯಾಗ ಏನಿರ್ತೈತಿ?"

ನಮ್ಮ ಹಿಂದೆ ಸಾಲು ಬೆಳೆಯುತ್ತಿತ್ತು. ಅಧಿಕಾರಿಣಿ ಅವಸರ ಮಾಡದೆ ಕಾದಳು. ಕೊನೆಗೆ ಗಿರಿಜಾ ಕೈಯನ್ನು ತೆಗೆದು ಉಕ್ಕಿನ ಮೇಜಿನ ಮೇಲೆ, ಬೇರೆಯವರ ವಸ್ತುವನ್ನು ಇಟ್ಟಂತೆ ಇಟ್ಟಳು. ಬೆರಳುಗಳು ತಮ್ಮ ಕೆಲಸ ಆರಂಭಿಸಿದವು. ಆ ಹೆಣ್ಣುಮಗಳು ಒಂದು ಕ್ಷಣ ನೋಡಿ, ಕೈಗವಸಿನ ಕೈಯಿಂದ ಅವನ್ನು ಮೆಲ್ಲಗೆ ಹಿಡಿದು ಒರೆಸಿದಳು. ಬಳಿಕ ಎರಡು ಬೆರಳನ್ನೂ ಸೇರಿಸಿ ತಾನೇ ಮುಷ್ಟಿ ಮಾಡಿಸಿ ಕಳಿಸಿಕೊಟ್ಟಳು.

ಕುರ್ಚಿಯ ಸಾಲಿನಲ್ಲಿ ಕುಳಿತ ಮೇಲೆ ಗಿರಿಜಾ ಕೇಳಿದಳು, "ಆಕಿ ಏನಂದ್ಲು?"

"ಏನೂ ಅನ್ನಲಿಲ್ಲ."

"ನೋಡಿದ್ಲು."

ಲೈಡನ್ ತಲುಪುವವರೆಗೂ ಅವಳು ಆ ಕೈಯನ್ನು ಮತ್ತೆ ಹೊರಗೆ ತೆಗೆಯಲಿಲ್ಲ. ವಿಮಾನದ ಊಟವನ್ನು ಎಡಗೈಯಿಂದ ತಿನ್ನಲಾರದೆ ಹಾಗೆಯೇ ಮುಚ್ಚಿಟ್ಟಳು.

ಲೈಡನ್, ಮೊದಲ ದಿನಗಳು

ನಸ್ರೀನಳ ಮನೆ ಕಾಲುವೆಯ ದಂಡೆಯ ಮೇಲಿನ ಒಂದು ಹಳೆಯ ಕಟ್ಟಡದ ಎರಡನೆಯ ಅಂತಸ್ತಿನಲ್ಲಿದೆ. ಅಲ್ಲಿಗೆ ಹತ್ತುವ ಮೆಟ್ಟಿಲುಗಳನ್ನು ನಮ್ಮ ಕಡೆ ಯಾರೂ ಮೆಟ್ಟಿಲೆನ್ನುವುದಿಲ್ಲ; ಅಟ್ಟದ ಏಣಿ ಎನ್ನುತ್ತಾರೆ. ಬಿಗಿದು ಕಟ್ಟಿದ ಹಗ್ಗವನ್ನು ಹಿಡಿದುಕೊಂಡು ಏರಬೇಕು. ಪೆಟ್ಟಿಗೆಗಳನ್ನು ಹೊತ್ತು ನಾನು ನಡುವೆ ಸಿಕ್ಕಿಕೊಂಡಾಗ ಮೇಲಿನಿಂದ ನಸ್ರೀನ್, "ಮಾಮಾ, ಹಿಂದಕ್ಕ ನೋಡಬ್ಯಾಡ್ರಿ, ಸೀದಾ ಬರ್ರಿ" ಎಂದು ಕೂಗಿದಳು. ನನ್ನ ಹಿಂದೆ ಗಿರಿಜಾ ಮೊಣಕಾಲನ್ನು ಒತ್ತಿಕೊಳ್ಳುತ್ತ, ಎಡಗೈಯಲ್ಲಿ ಹಗ್ಗ ಹಿಡಿದು ಏರುತ್ತಿದ್ದಳು. ಅವಳ ನಿಧಾನ ನಡಿಗೆಗೆ ಮೊಣಕಾಲೂ ಕಾರಣವಾಗಿರಬಹುದೆಂಬ ಸಂಶಯ ನನಗೆ ಮೊದಲ ಬಾರಿ ಬಂದದ್ದು ಆ ಏಣಿಯ ನಡುವೆ.

ಈ ಊರಿನವರಿಗೆ ಕಿಟಕಿಗೆ ಪರದೆ ಎಳೆಯುವ ಅಭ್ಯಾಸವಿಲ್ಲ. ದಾರಿಯಲ್ಲಿ ಹೋಗುವವರಿಗೆ ಅವರ ಊಟದ ಮೇಜು, ಪುಸ್ತಕದ ಕಪಾಟು, ಬೆಕ್ಕು ಎಲ್ಲವೂ ಕಾಣುತ್ತವೆ. ಆದರೆ ನೋಡಬಾರದು ಎಂಬುದು ಅಲಿಖಿತ ನಿಯಮ. ಗಿರಿಜಾ ಅದನ್ನು ಪಾಲಿಸಲಿಲ್ಲ. ಪ್ರತಿ ಕಿಟಕಿಯ ಮುಂದೆ ನಿಂತು ಅಡುಗೆಮನೆಯ ಅಚ್ಚುಕಟ್ಟನ್ನು ನೋಡಿದಳು. ಒಳಗಿನ ಅಜ್ಜನೊಬ್ಬ ಕೈ ಬೀಸಿದಾಗ ಮಾತ್ರ ಗಾಬರಿಯಾಗಿ ಮುಂದೆ ನಡೆದಳು. ನಮ್ಮಲ್ಲಿ ಬಾಗಿಲು ತೆರೆದಿಟ್ಟು ಕಿಟಕಿ ಮುಚ್ಚುತ್ತೇವೆ. ಇವರು ಕಿಟಕಿ ತೆರೆದಿಟ್ಟು ಬಾಗಿಲು ಮುಚ್ಚುತ್ತಾರೆ. ಮುಂಚಿತವಾಗಿ ದಿನ ಗೊತ್ತುಮಾಡಿಕೊಳ್ಳದೆ ಯಾರೂ ಯಾರ ಮನೆಗೂ ಹೋಗುವುದಿಲ್ಲವೆಂದು ನಸ್ರೀನ್ ಹೇಳಿದಾಗ ಗಿರಿಜಾ, "ಹಂಗಾರ ಸಕ್ರಿ ತೀರಿದ್ರ ಯಾರನ್ನ ಕೇಳತಾರ?" ಎಂದಳು. ನಸ್ರೀನ್ ನಕ್ಕು, "ಅಂಗಡಿ ತಗಿಯೋತನಾ ಸಪ್ಪನ್ ಚಾ ಕುಡೀತಾರ" ಎಂದಳು.

ನೀರಿನ ವಿಷಯದಲ್ಲಿಯೂ ನಮಗೂ ಅವರಿಗೂ ತಲೆಕೆಳಗಾದ ಸಂಬಂಧ. ಹಾನಗಲ್ಲು ಸೀಮೆಯ ನಮ್ಮ ಹಿರಿಯರು ಹರಿಯುವ ನೀರನ್ನು ನಿಲ್ಲಿಸಲು ಕೆರೆ ಕಟ್ಟಿದರು, ಕಟ್ಟಿದ್ದನ್ನು ಕಲ್ಲಿನಲ್ಲಿ ಕೊರೆಸಿದರು. ಇಲ್ಲಿಯ ಹಿರಿಯರು ನಿಂತ ನೀರನ್ನು ಹೊರಗೆ ಹಾಕಲು ಗಾಳಿಯಂತ್ರ ಕಟ್ಟಿದರು. ಕಾಲುವೆಯ ಸೇತುವೆಯ ಮೇಲೆ ನಿಂತು ಗಿರಿಜಾ ಬಹಳ ಹೊತ್ತು ನೋಡಿ, "ಇಷ್ಟ್ ನೀರು ಐತಿ, ಒಬ್ಬಾಕಿನೂ ಕೊಡಾ ಹಿಡದ್ ನಿಂತಿಲ್ಲ" ಎಂದಳು. ಅಷ್ಟರಲ್ಲಿ ಅವಳಿಗಿಂತ ಹಿರಿಯ ಹೆಂಗಸೊಬ್ಬಳು ಸೈಕಲ್ಲಿನ ಮೇಲೆ ಗಂಟೆ ಬಾರಿಸುತ್ತ ನಮ್ಮನ್ನು ಬದಿಗೆ ಸರಿಸಿ ಹೋದಳು. ನಾವು ನಿಂತದ್ದು ಸೈಕಲ್ಲಿನ ದಾರಿಯಲ್ಲಿ. ಅಲ್ಲಿದ್ದಷ್ಟು ದಿನವೂ ಪ್ರತಿದಿನ ಯಾರಾದರೊಬ್ಬರಿಂದ ಈ ಗಂಟೆ ನಮಗೆ ಸಲ್ಲುತ್ತಲೇ ಇತ್ತು.

ನನಗೆ ಹಬ್ಬವಾದದ್ದು ಗೋಡೆಗಳ ಮೇಲಿನ ಇಸವಿಗಳಿಂದ. ಹಳೆಯ ಮನೆಗಳ ಮುಂಗೋಡೆಯಲ್ಲಿ ಕಬ್ಬಿಣದ ದೊಡ್ಡ ಅಂಕಿಗಳನ್ನು ಬಡಿದು ಕಟ್ಟಿದ ವರ್ಷವನ್ನು ತೋರಿಸಿರುತ್ತಾರೆ. ನಾನು ಅವನ್ನು ಬರೆದುಕೊಳ್ಳುತ್ತ ನಡೆದೆ. ಭಾಷಣದ ದಿನ ಅಲ್ಲಿಯ ವಿದ್ವಾಂಸರೊಬ್ಬರನ್ನು ಈ ಅಂಕಿಗಳು ನಂಬಲರ್ಹವೇ ಎಂದು ಕೇಳಿದಾಗ ಅವರು ಭುಜ ಕುಣಿಸಿ, ಕೆಲವು ಮನೆ ಕಟ್ಟಿದ ವರ್ಷ, ಕೆಲವು ಮುಂಗೋಡೆ ಹೊಸದಾಗಿ ಕಟ್ಟಿದ ವರ್ಷ, ಕೆಲವು ಮಾಲೀಕರಿಗೆ ಇಷ್ಟವಾದ ವರ್ಷ ಎಂದರು. ನನ್ನ ಪಟ್ಟಿಯೆಲ್ಲ ನಿರರ್ಥಕವಾಯಿತು. ಭಾಷಣ ತೊಂದರೆಯಿಲ್ಲದೆ ಮುಗಿಯಿತು. ಕಾಫಿಯ ಜೊತೆ ಡಬ್ಬಿ ತೆರೆದು ಒಬ್ಬೊಬ್ಬರಿಗೆ ಒಂದೊಂದೇ ಬಿಸ್ಕತ್ತು ಕೊಟ್ಟು ಡಬ್ಬಿಯನ್ನು ಮುಚ್ಚಿದರು. ಇದು ಇಲ್ಲಿಯ ರೂಢಿ, ಜಿಪುಣತನವೆಂದು ತಿಳಿಯಬಾರದೆಂದು ನಸ್ರೀನ್ ಮೊದಲೇ ಎಚ್ಚರಿಸಿದ್ದಳು.

ಆ ದಿನಗಳಲ್ಲಿ ಗಿರಿಜಾ ಮನೆಯಲ್ಲಿಯೇ ಹೆಚ್ಚು ಇದ್ದಳು. ರೊಟ್ಟಿ ಬಡಿಯಲು ನಸ್ರೀನ್ ಹಿಟ್ಟು ತಂದಿಟ್ಟರೆ, "ನೀನ ಬಡಿಯವ್ವಾ" ಎಂದು ಸರಿದು ಕುಳಿತಳು. ಶೇಂಗಾ ಚಟ್ನಿಯ ಪೊಟ್ಟಣವನ್ನು ಬಿಚ್ಚಿದ್ದೂ ಎಡಗೈಯಿಂದಲೇ. ಕ್ಲಿನಿಕ್ಕಿಗೆ ಹೋಗುವ ಹಿಂದಿನ ಸಂಜೆ ಅವಳು ನನ್ನನ್ನು ಕೇಳಿದಳು, "ಇವ್ರೂ ಅದನ್ನ ಅಂದ್ರ, ಆಮ್ಯಾಲ ಯಾರನ್ನೂ ಕೇಳೋದ್ ಬ್ಯಾಡ. ಆತಿಲ್ಲೋ?" ನಾನು ಆಯಿತು ಎಂದೆ.

ಆಸ್ಪತ್ರೆ

ಇಲ್ಲಿ ದಾದಿ ಹೆಸರು ಕೂಗುವುದಿಲ್ಲ. ವೈದ್ಯರೇ ಕಾಯುವ ಕೋಣೆಗೆ ಬಂದು, ಕೈ ಕುಲುಕಿ, ತಮ್ಮ ಹೆಸರು ಹೇಳಿ, ಜೊತೆಯಲ್ಲಿ ಕರೆದೊಯ್ಯುತ್ತಾರೆ. ಬಂದವರು ನರೆಗೂದಲಿನ ಎತ್ತರದ ಹೆಂಗಸು, ಹೆಸರು ಹಾನ್ನೆಕೆ. ಗಿರಿಜಾ ಕೈ ಕೊಡದೆ ತಲೆ ಬಾಗಿಸಿದಳು. ವೈದ್ಯೆ ತಾವೂ ತಲೆ ಬಾಗಿಸಿ, ಉದ್ದದ ಪಡಸಾಲೆಯಲ್ಲಿ ನಮ್ಮನ್ನು ಮುಂದೆ ಬಿಟ್ಟು ಹಿಂದಿನಿಂದ ಬಂದರು. ಇದು ಸೌಜನ್ಯವೆಂದು ನಾನು ಭಾವಿಸಿದ್ದೆ. ಗಿರಿಜಾಳ ನಡಿಗೆ, ತಿರುಗುವಿಕೆ, ತೋಳುಗಳ ಬೀಸು ಇವನ್ನೆಲ್ಲ ಅವರು ಆಗಲೇ ನೋಡಿಬಿಟ್ಟಿದ್ದರೆಂದು ನಸ್ರೀನ್ ಆಮೇಲೆ ಹೇಳಿದಳು.

ನಸ್ರೀನ್ ದುಭಾಷಿಯಾಗಿ ಕುಳಿತಳು. ಹೆಬ್ಬೆರಳಿಗೆ ತೋರುಬೆರಳನ್ನು ಬೇಗ ಬೇಗ ತಟ್ಟುವುದು, ಮುಷ್ಟಿ ತೆರೆದು ಮುಚ್ಚುವುದು, ಪಾದದಿಂದ ನೆಲ ಕುಟ್ಟುವುದು ಮುಗಿದವು. ವೈದ್ಯೆ ಅವಳ ಮಣಿಕಟ್ಟನ್ನು ಹಿಡಿದು ತಿರುಗಿಸಿ ಬಿಗಿತವಿದೆಯೇ ಎಂದು ನೋಡಿದರು. ಬಳಿಕ ಎದ್ದು ನಿಲ್ಲಿಸಿ ಹಿಂದೆ ಹೋಗಿ ಭುಜ ಹಿಡಿದು ಸರಕ್ಕನೆ ಎಳೆದರು.

"ಈಕಿ ಹಿಂದಿಂದ ಯಾಕ ಜಗ್ಗತಾಳ?"

"ಬೀಳ್ತೀರೇನ್ ನೋಡಾಕರೀ, ಅತ್ತೀ."

"ಬಿದ್ರ?"

"ಹಿಡೀತಾರ."

"ಜಗ್ಗೋದ್ಯಾಕ, ಹಿಡಿಯೋದ್ಯಾಕ" ಎಂದು ಗಿರಿಜಾ ಗೊಣಗಿದಳು. ಆದರೆ ಅವಳು ಒಂದೇ ಹೆಜ್ಜೆ ಹಿಂದಿಟ್ಟು ನೆಟ್ಟಗೆ ನಿಂತಿದ್ದಳು.

ಆಮೇಲೆ ಬಂತು ನಾನು ಹೆದರಿದ್ದ ಘಟ್ಟ. ಮತ್ತೆ ಸೆರಗಿನೊಳಗೆ ಸೇರಿದ್ದ ಬಲಗೈಯನ್ನು ಹೊರಗೆ ತೆಗೆದು, ಎರಡೂ ಕೈಗಳನ್ನು ತೊಡೆಯ ಮೇಲಿಟ್ಟು ಏನೂ ಮಾಡದೆ ಕುಳಿತಿರಲು ಹೇಳಿದರು. "ಏನೂ ಮಾಡದ ಹ್ಯಾಂಗ ಕುಂದ್ರೋದವಾ?" ಎಂದು ಗಿರಿಜಾ ಕೇಳಿದಳು. ಆದರೂ ಕುಳಿತಳು. ಸ್ವಲ್ಪ ಹೊತ್ತಿನಲ್ಲಿ ಬೆರಳುಗಳು ತಿಕ್ಕತೊಡಗಿದವು. ವೈದ್ಯೆ ಮುಖದಲ್ಲಿ ಏನನ್ನೂ ತೋರಿಸದೆ, ವರ್ಷದ ತಿಂಗಳುಗಳನ್ನು ಕೊನೆಯಿಂದ ಮೊದಲಿನವರೆಗೆ ಹೇಳಿ ಎಂದರು. ಗಿರಿಜಾಳಿಗೆ ತಿಂಗಳೆಂದರೆ ನಮ್ಮ ತಿಂಗಳುಗಳೇ. "ಫಾಲ್ಗುಣ, ಮಾಘ, ಪುಷ್ಯ, ಮಾರ್ಗಶಿರ..." ಎಂದು ತಡವರಿಸುತ್ತ ನೆನಪಿಸಿಕೊಂಡಳು. ಇದು ಅಮಾವಾಸ್ಯೆಗೆ ಮುಗಿಯುವ ಮಾಸಗಳ ಎಣಿಕೆಯೆಂದು ನಾನು ವೈದ್ಯೆಗೆ ತಿಳಿಸಲು ಹೊರಟೆ. ನಸ್ರೀನ್ ನನ್ನ ತೋಳನ್ನು ಒತ್ತಿದಳು. ವೈದ್ಯೆಯ ಕಣ್ಣು ಗಿರಿಜಾಳ ಕೈಯ ಮೇಲಿತ್ತು. ಲೆಕ್ಕ ನಡೆದಷ್ಟು ಹೊತ್ತೂ ಬೆರಳುಗಳು ನಿಂತಿದ್ದವು. ಈ ಕಾಯಿಲೆಯ ನಡುಕ ಇಂಥ ಹೊತ್ತಿನಲ್ಲಿ ಸಾಮಾನ್ಯವಾಗಿ ಹೆಚ್ಚಾಗುತ್ತದೆ, ನಿಲ್ಲುವುದಿಲ್ಲ ಎಂದು ಅವರು ನಿಧಾನವಾಗಿ ಹೇಳಿದರು.

ನಂತರ ನನ್ನ ಕಡೆ ತಿರುಗಿ, "ಇದು ಆರಂಭವಾದದ್ದು ಯಾವಾಗ?" ಎಂದು ಕೇಳಿದರು.

ಈ ಪ್ರಶ್ನೆಗೆ ನಾನು ಸಿದ್ಧನಾಗಿಯೇ ಬಂದಿದ್ದೆ. ಹಿರೇಕೆರೂರಿನಲ್ಲಿ ನಮ್ಮ ಮಗಳ ಹೊಸ ಮನೆಯ ವಾಸ್ತುಶಾಂತಿಯಾದಾಗ ಇರಲಿಲ್ಲ. ಅದರ ಮುಂದಿನ ನಾಗರಪಂಚಮಿಯ ದಿನ ನಾನೇ ಕಂಡೆ. ಆದ್ದರಿಂದ ಆರಂಭ ಈ ಎರಡರ ನಡುವೆ. ಇವೆರಡರ ತಾರೀಖನ್ನೂ ಪಂಚಾಂಗದೊಂದಿಗೆ ತಾಳೆ ನೋಡಿದ್ದೇನೆ ಎಂದೆ.

"ವಾಸ್ತುಶಾಂತಿಯ ದಿನ ಇರಲಿಲ್ಲವೆಂಬುದು ಹೇಗೆ ಗೊತ್ತು?"

"ನಾನು ನೋಡಿರಲಿಲ್ಲ."

ಹೇಳಿದ ಮೇಲೆ ಆ ಮಾತು ನನ್ನ ಕಿವಿಗೇ ಟೊಳ್ಳಾಗಿ ಕೇಳಿಸಿತು. ವೈದ್ಯೆ ಅದನ್ನು ಎತ್ತಿ ಆಡಲಿಲ್ಲ. ಹಳೆಯ ವಿಡಿಯೋ ಏನಾದರೂ ಇದೆಯೇ, ಹಬ್ಬದ್ದೋ ಮದುವೆಯದೋ, ಎಂದು ಮಾತ್ರ ಕೇಳಿದರು.

ನಸ್ರೀನಳ ಫೋನಿನಲ್ಲಿ ಅವಳ ಅಣ್ಣನ ಮದುವೆಯ ಚಿತ್ರಣವಿತ್ತು. ಹುಡುಗಿ ಶಿಗ್ಗಾವಿಯವಳು, ಅಲ್ಲಿಯೇ ಲಗ್ನವಾಗಿತ್ತು. ನಾನು ಹೋಗಿರಲಿಲ್ಲ, ತಿಳವಳ್ಳಿಯಲ್ಲಿ ಶಾಸನದ ಪಡಿಯಚ್ಚು ತೆಗೆಯುವ ಕೆಲಸವಿತ್ತು. ಹೆಂಗಸರ ಸಾಲಿನಲ್ಲಿ ಗಿರಿಜಾ ಕುಳಿತಿದ್ದಾಳೆ. ಕೈ ಮಡಿಲಲ್ಲಿದೆ. ಬೆರಳುಗಳು ತಿಕ್ಕುತ್ತಿವೆ.

"ಇದು ಯಾವ ವರ್ಷದ್ದು?" ಎಂದು ವೈದ್ಯೆ ಕೇಳಿದರು. ನಸ್ರೀನ್ ಹೇಳುವ ಮೊದಲೇ ನಾನು, ಫೋನಿನಲ್ಲಿ ಕಾಣುವ ತಾರೀಖನ್ನು ನಂಬುವಂತಿಲ್ಲ, ಅದು ಚಿತ್ರ ತೆಗೆದ ದಿನವಿರಬಹುದು, ಒಂದು ಫೋನಿನಿಂದ ಇನ್ನೊಂದಕ್ಕೆ ಬಂದ ದಿನವೂ ಇರಬಹುದು ಎಂದು ಎಚ್ಚರಿಸಿದೆ.

"ಮಾಮಾ, ನಮ್ಮಣ್ಣನ ಲಗ್ನ ಯಾವಾಗಾತು ಅಂತ ನನಗ ಗೊತ್ತಿಲ್ಲೇನ್ರಿ? ಅವನ ಮಗ ಈಗ ಸಾಲಿಗೆ ಹೊಂಟಾನ."

ಆ ಮದುವೆ ವಾಸ್ತುಶಾಂತಿಗಿಂತ ಬಹಳ ಹಿಂದಿನದು, ನನ್ನ ನಿವೃತ್ತಿಗೂ ಹಿಂದಿನದು. ಬೆರಳುಗಳು ಆಗಲೇ ಹೀಗಿದ್ದವು. ಇಷ್ಟು ವರ್ಷದಲ್ಲಿ ಕಿಂಚಿತ್ತೂ ಬೆಳೆದಿರಲಿಲ್ಲ. ಆದರೆ ನನಗೆ ನೆಮ್ಮದಿಯಾಗುವ ಮೊದಲೇ ವೈದ್ಯೆ ಪರದೆಗೆ ಬಾಗಿ, "ಪಕ್ಕದಲ್ಲಿರುವ ಹಿರಿಯರು ಯಾರು?" ಎಂದರು. ಅದು ಗಿರಿಜಾಳ ತಾಯಿ. ಅವರ ಬಲಗೈಯ ಎರಡು ಬೆರಳುಗಳೂ ಹಾಗೆಯೇ ತಿಕ್ಕುತ್ತಿದ್ದವು. ಹಾಗಾದರೆ ಇದು ವಂಶದಲ್ಲಿ ಇಳಿದು ಬಂದದ್ದು ಎಂದುಕೊಂಡೆ. ನಮ್ಮ ಮಗಳ ಕೈ ಕಣ್ಣ ಮುಂದೆ ಬಂತು.

ಗಿರಿಜಾ ಮಾತ್ರ ಬೇರೆಯೇ ಲೋಕದಲ್ಲಿದ್ದಳು. ತಾಯಿ ತೀರಿಕೊಂಡ ಮೇಲೆ ಅವರ ಚಲಿಸುವ ಚಿತ್ರವನ್ನು ಅವಳು ಕಂಡಿರಲಿಲ್ಲ. "ನಮ್ಮವ್ವ" ಎಂದಳು. "ಇನ್ನೊಮ್ಮೆ ಹಚ್ಚ, ನಸ್ರೀನ್." ಮತ್ತೆ ನೋಡಿ ಅವಳಿಗೆ ನಗು ಬಂತು. "ನೋಡ್, ಮಂದಿ ಲಗ್ನಕ್ಕ ಬಂದಾಳ, ಕೈಯಾಗ ಎಳೀ ಹತ್ತಿ ಇಲ್ಲ, ಬತ್ತಿ ಹೊಸ್ಯಾಕತ್ತಾಳ. ಹಂಗ ಇದ್ಲು ನಮ್ಮವ್ವ. ಮಾತಾಡತಾನೂ ಹೊಸ್ಯಾಕಿ, ತೂಕಡಸತಾನೂ ಹೊಸ್ಯಾಕಿ."

ಹೇಳುತ್ತ ಹೇಳುತ್ತ ಅವಳ ಕಣ್ಣು ತನ್ನದೇ ಕೈಯ ಮೇಲೆ ಬಿತ್ತು. ಅದೂ ಹಾಗೆಯೇ ಹೊಸೆಯುತ್ತಿತ್ತು.

ನಸ್ರೀನ್ ಡಚ್ ಭಾಷೆಯಲ್ಲಿ ಬಹಳ ಹೊತ್ತು ವಿವರಿಸಿದಳು: ದೀಪಕ್ಕೆ ಬತ್ತಿ, ಬತ್ತಿಗೆ ಹತ್ತಿ, ಕಾರ್ತಿಕದಲ್ಲಿ ಲಕ್ಷ ಬತ್ತಿಯ ಹರಕೆ, ಅದಕ್ಕಾಗಿ ವರ್ಷವಿಡೀ ನಡೆಯುವ ಕೆಲಸ, ತನ್ನ ತಂದೆಯ ಅಂಗಡಿಯಿಂದ ಹತ್ತಿಮತ್ತೂರಿನ ಆ ಮನೆಗೆ ಹೋಗುತ್ತಿದ್ದ ಬಿಡಿಸಿದ ಹತ್ತಿ. ವೈದ್ಯೆಗೆ ಎಷ್ಟು ಅರ್ಥವಾಯಿತೋ ತಿಳಿಯದು. ಅವರು ಡಬ್ಬಿಯಿಂದ ಹತ್ತಿಯ ಒಂದು ಉಂಡೆ ತೆಗೆದು ಗಿರಿಜಾಳ ಮುಂದಿಟ್ಟರು.

"ಆಸ್ಪತ್ರಿ ಹತ್ತಿ ಭಾಳ ಜಾರತೈತಿ" ಎಂದು ಗಿರಿಜಾ ಕೈಚೀಲದಿಂದ ವಿಭೂತಿ ತೆಗೆದು ಬೆರಳ ತುದಿಗೆ ಹಚ್ಚಿಕೊಂಡಳು. ಎಷ್ಟೋ ತಿಂಗಳ ಮೇಲೆ ಆ ಕೈ ಕೆಲಸಕ್ಕೆ ಇಳಿಯಿತು. ಒಂದು ಚಿಟಿಕೆ ಹತ್ತಿ, ಕೆಲವು ತಿರುವು, ಕೊನೆಗೆ ತುದಿಯನ್ನು ಚಿವುಟಿ ಎಳೆಯುವ ಒಂದು ಸಣ್ಣ ಜಗ್ಗು. ಹೂಬತ್ತಿಯೊಂದು ಮೇಜಿನ ಮೇಲೆ ಕುಳಿತಿತು. ಇನ್ನೊಂದು. ಮತ್ತೊಂದು. ವೈದ್ಯೆ ಅನುಮತಿ ಕೇಳಿ ಅದನ್ನು ಚಿತ್ರೀಕರಿಸಿದರು. ಬಳಿಕ ಹತ್ತಿಯನ್ನು ತೆಗೆದುಬಿಟ್ಟು ಕೈಯನ್ನು ತೊಡೆಯ ಮೇಲಿಡಿಸಿದರು, ನಸ್ರೀನ್ ಬೆರಳಿಗೆ ಅಳತೆಯ ಸಣ್ಣ ಗುಂಡಿಯನ್ನು ಅಂಟಿಸಿದಳು. ಬೆರಳುಗಳು ಮತ್ತೆ ಹೊಸೆಯತೊಡಗಿದವು, ಹತ್ತಿಯಿಲ್ಲದೆ. ವೈದ್ಯೆ ಅದನ್ನೂ ಚಿತ್ರೀಕರಿಸಿದರು.

ಎರಡೂ ಚಿತ್ರಗಳನ್ನು ಪಕ್ಕಪಕ್ಕದಲ್ಲಿಟ್ಟು ಅವರು ತೋರಿಸಿದ್ದನ್ನು ನಾನು ಮರೆಯಲಾರೆ. ಕಾಯಿಲೆಯ ನಡುಕಕ್ಕೆ ಗಡಿಯಾರದಂಥ ಒಂದೇ ಲಯವಿರುತ್ತದೆ, ಅದಕ್ಕೆ ಮೊದಲೂ ಇಲ್ಲ, ಕೊನೆಯೂ ಇಲ್ಲ ಎಂದರು. ಈ ಕೈ ಹಾಗಲ್ಲ. ಕೆಲವು ತಿರುವಿನ ನಂತರ ಚಿವುಟಿ ಎಳೆಯುತ್ತದೆ, ಬಿಡುತ್ತದೆ, ಒಂದು ಕ್ಷಣ ತಡೆದು ಮತ್ತೆ ಹಿಡಿಯುತ್ತದೆ. "ನಿಮ್ಮ ಹೆಂಡತಿ ಒಂದನ್ನು ಮುಗಿಸಿ ಇನ್ನೊಂದನ್ನು ಆರಂಭಿಸುತ್ತಿದ್ದಾರೆ." ಯಂತ್ರದ ಗೆರೆಗಳಲ್ಲಿಯೂ ನಡುಕದ ಲಯ ಕಾಣಲಿಲ್ಲ. ಕೈಯಲ್ಲಿ ಬಿಗಿತವಿಲ್ಲ, ನಿಧಾನವಿಲ್ಲ. ನಡಿಗೆ ನಿಧಾನವಾದದ್ದು ಮೊಣಕಾಲಿನ ಸವೆತದಿಂದ. ಅದಕ್ಕೆ ವ್ಯಾಯಾಮ ಬೇಕು. ಮುಂದಿನ ಕಾಲದ ಬಗ್ಗೆ ಯಾವ ವೈದ್ಯರೂ ಮಾತು ಕೊಡಲಾರರು, ಹುಬ್ಬಳ್ಳಿಯ ವೈದ್ಯರಿಗೆ ಒಮ್ಮೆ ತೋರಿಸುತ್ತಿರಿ. ಆದರೆ ಇಂದು ಈ ಕೈಯಲ್ಲಿ ಆ ಕಾಯಿಲೆಯಿಲ್ಲ.

ನಸ್ರೀನ್ ಕನ್ನಡದಲ್ಲಿ ಹೇಳಿದ್ದು ಇಷ್ಟೇ: "ಅತ್ತೀ, ಏನೂ ಆಗಿಲ್ಲರೀ ನಿಮಗ."

"ಖರೇನ?"

"ಖರೇ ರೀ."

ಗಿರಿಜಾ ಮೇಜಿನ ಮೇಲಿದ್ದ ಬತ್ತಿಗಳನ್ನು ಒಟ್ಟುಗೂಡಿಸುತ್ತ, "ಹಂಗಾರ ಇನ್ನ ಬತ್ತಿ ಹೊಸೀಬಹುದು?" ಎಂದಳು. ನಸ್ರೀನ್ ಅದನ್ನು ಅನುವಾದಿಸಿದಾಗ ವೈದ್ಯೆಗೆ ಅರ್ಥವಾಗದೆ, ನಿಲ್ಲಿಸಿದ್ದಾದರೂ ಯಾಕೆ ಎಂದು ಕೇಳಿದರು.

ಹೊರಗೆ ಬಂದು ಬೆಂಚಿನ ಮೇಲೆ ಕುಳಿತೆವು. ಅಲ್ಲಿ ಹೊಳೆದದ್ದನ್ನು ನನ್ನ ವೃತ್ತಿಯ ಮಾತಿನಲ್ಲಿಯೇ ಹೇಳುತ್ತೇನೆ. ಶಾಸನವೊಂದು ಪತ್ತೆಯಾದ ದಿನವನ್ನು ಅದನ್ನು ಕೊರೆದ ದಿನವೆಂದು ಯಾರಾದರೂ ಬರೆದಿದ್ದರೆ ನಾನು ಆ ಲೇಖನವನ್ನು ಮರಳಿ ಕಳಿಸುತ್ತಿದ್ದೆ. ನಿವೃತ್ತನಾಗಿ ಮನೆಯಲ್ಲಿ ಕುಳಿತ ಮೇಲೆ ನನ್ನ ಕಣ್ಣಿಗೆ ಬಿದ್ದದ್ದನ್ನು ಆಗಲೇ ಹುಟ್ಟಿದ್ದೆಂದು ಬಗೆದಿದ್ದೆ. ಆರಂಭದ ಕಾಲ ಯಾವುದೆಂದು ಈಗ ನನಗೆ ಗೊತ್ತಿಲ್ಲ. ಗಿರಿಜಾಳನ್ನು ಕೇಳಿದರೆ, "ಅವ್ವನ ಬಾಜೂಕ ಕುಂದ್ರಾಕ ಬಂದಾಗಿಂದ" ಎನ್ನುತ್ತಾಳೆ. ಗೊತ್ತಿಲ್ಲದಿರುವುದು ಇಷ್ಟು ಹಗುರವಾಗಿರುತ್ತದೆಂದು ನಾನು ತಿಳಿದಿರಲಿಲ್ಲ.

ಕೆಳಗಿನ ಮನೆ

ಅದೇ ಮಧ್ಯಾಹ್ನ ನಸ್ರೀನಳ ಕೆಳಗಿನ ಮನೆಯ ವಿಲ್ಮಾ ಎಂಬ ಅಜ್ಜಿಯ ಹುಟ್ಟುಹಬ್ಬ. ದಿನ ಮೊದಲೇ ಗೊತ್ತಾಗಿತ್ತು, ತಪ್ಪಿಸಿಕೊಳ್ಳುವಂತಿರಲಿಲ್ಲ. ತಪ್ಪಿಸಿಕೊಳ್ಳುವ ಮನಸ್ಸೂ ಇರಲಿಲ್ಲ. ಗಿರಿಜಾ ಪೆಟ್ಟಿಗೆಯಿಂದ ಇಳಕಲ್ ಸೀರೆ ತೆಗೆದು ಉಟ್ಟಳು.

ಕುರ್ಚಿಗಳನ್ನು ಗೋಡೆಗುಂಟ ದುಂಡಗೆ ಹಾಕಿದ್ದರು. ನಮ್ಮಲ್ಲಿ ಹೆಣ್ಣು ನೋಡುವ ಶಾಸ್ತ್ರಕ್ಕೆ ಹೀಗೆ ಹಾಕುತ್ತೇವೆ. ಕೈ ತೊಳೆಯಲು ಹೋದಾಗ ಶೌಚದ ಕೋಣೆಯ ಗೋಡೆಯ ಮೇಲೆ ಒಂದು ದಿನದರ್ಶಿಕೆ ತೂಗುತ್ತಿತ್ತು. ಬಂಧುಮಿತ್ರರ ಹುಟ್ಟಿದ ದಿನಗಳನ್ನು ಅದರಲ್ಲಿ ಬರೆದಿಡುತ್ತಾರಂತೆ. ದಿನಕ್ಕೊಮ್ಮೆಯಾದರೂ ಎಲ್ಲರ ಕಣ್ಣಿಗೆ ಬೀಳುವ ಜಾಗವೆಂದರೆ ಅದೇ ಎಂಬುದು ಅವರ ವಾದ. ದಿನ, ತಿಂಗಳು, ಹೆಸರು ಇದ್ದವು. ಹುಟ್ಟಿದ ವರ್ಷ ಒಬ್ಬರದ್ದೂ ಇರಲಿಲ್ಲ. ಇನ್ನೊಂದು ದಿನವಾಗಿದ್ದರೆ ಈ ಲೋಪವನ್ನು ಕುರಿತು ಯಾರನ್ನಾದರೂ ವಿಚಾರಿಸುತ್ತಿದ್ದೆ. ಅಂದು ಸುಮ್ಮನೆ ಕೈ ಒರೆಸಿಕೊಂಡು ಬಂದೆ.

ಬಂದ ಅತಿಥಿಗಳು ವಿಲ್ಮಾಳ ಕೈ ಕುಲುಕಿ ಶುಭ ಕೋರಿದರು. ಅಷ್ಟಕ್ಕೆ ನಿಲ್ಲದೆ ದುಂಡಗೆ ಸುತ್ತುತ್ತ ಅಲ್ಲಿ ಕುಳಿತ ಪ್ರತಿಯೊಬ್ಬರ ಕೈಯನ್ನೂ ಕುಲುಕಿ ಅದೇ ಮಾತನ್ನು ಹೇಳಿದರು. ಮೊದಲು ಬಂದ ಗಡ್ಡದ ಮನುಷ್ಯ ಗಿರಿಜಾಳ ಮುಂದೆ ಕೈ ಚಾಚಿ ನಿಂತಾಗ ಅವಳು ತಬ್ಬಿಬ್ಬಾಗಿ ತಲೆಯನ್ನಷ್ಟೇ ಬಾಗಿಸಿದಳು. ಅವನು ಮುಂದೆ ಸರಿದ ಮೇಲೆ ನಸ್ರೀನಳ ಕಡೆ ವಾಲಿದಳು.

"ಏನಂದ ಅವಾ?"

"ಅಭಿನಂದನೆ ಅಂದಾರೀ."

"ಹುಟ್ಟಿದಾಕಿ ಆ ಅಜ್ಜಿ. ನನಗ್ಯಾಕ?"

"ಇಲ್ಲಿ ಹಂಗ ರೀ, ಅತ್ತೀ. ಒಬ್ಬರಿಗೆ ಛಲೋ ದಿನ ಬಂದ್ರ ಬಾಜೂಕ ಕುಂತವ್ರಿಗೂ ಹೇಳ್ತಾರ."

ಬಾಗಿಲಿನಲ್ಲಿ ಇನ್ನೊಬ್ಬ ಹೆಂಗಸು ಕೋಟು ತೆಗೆದು ತೂಗುಹಾಕುತ್ತಿದ್ದಳು. ವಿಲ್ಮಾಳಿಗೆ ಹೂ ಕೊಟ್ಟು, ಸುತ್ತು ಆರಂಭಿಸಿ, ನಮ್ಮ ಕಡೆಗೆ ಬಂದಳು.

"ಹೇಳ್ಲಿ ಬಿಡು" ಎಂದು ಗಿರಿಜಾ ಎದ್ದು ನಿಂತಳು. "ಇವತ್ತ ನನಗೂ ಹೇಳಬೇಕಾದ್ದ ಐತಿ."

ಸೆರಗಿನಿಂದ ಬಲಗೈ ತೆಗೆದು ತಾನೇ ಮುಂದೆ ಚಾಚಿದಳು. ಆ ಹೆಂಗಸು ಅದನ್ನು ಎರಡೂ ಕೈಗಳಿಂದ ಹಿಡಿದು ಕುಲುಕಿ, ಹೇಳಬೇಕಾದದ್ದನ್ನು ತನ್ನ ಭಾಷೆಯಲ್ಲಿ ಹೇಳಿ, ಮುಂದಿನವರ ಕಡೆ ಹೋದಳು. ಗಿರಿಜಾ ಕುಳಿತಳು. ಕೈ ಇಳಕಲ್ ಸೀರೆಯ ಮೇಲೆ, ಎಲ್ಲರಿಗೂ ಕಾಣುವಂತೆ ಉಳಿಯಿತು. ಕೇಕು ಹಂಚುವ ಗದ್ದಲದಲ್ಲಿ ಅದರ ಎರಡು ಬೆರಳುಗಳು ಮೆಲ್ಲಗೆ ತಿರುವತೊಡಗಿದವು, ಚಿವುಟಿ ಎಳೆದವು, ಮತ್ತೆ ತಿರುವಿದವು. ನಾನು ಸ್ವಲ್ಪ ಹೊತ್ತು ನೋಡಿದೆ. ಆಮೇಲೆ ನನ್ನ ತಟ್ಟೆಯ ಕಡೆ ತಿರುಗಿದೆ.